ಗುಂಡಣ್ಣನ ‘ಬರ್ತೇನಿ’

ಜೂನ್ ಬಂತೆಂದರೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮಹಾಯುದ್ಧ ಶುರುವಾಗುತ್ತದೆ. ಒಂದು ಕಡೆ ಶಾಲೆಯ ಗೇಟು, ಇನ್ನೊಂದು ಕಡೆ ಬೇಸಿಗೆಯ ಸೂಟಿಯಲ್ಲಿ ಮಾವಿನಹಣ್ಣು ತಿಂದು ಬಲಿತ ಮಕ್ಕಳ ಸೈನ್ಯ. ತಾಯಂದಿರ ಸೆರಗುಗಳು ಜಗ್ಗಾಡುತ್ತವೆ, ನೀರಿನ ಬಾಟಲಿಗಳು ಉರುಳುತ್ತವೆ. ಈ ರಣರಂಗಕ್ಕೆ ವರ್ಷವರ್ಷವೂ ಮೂರು ಗಾಲಿಯ ರಥವೇರಿ ಬರುವ ವೀರನೇ ಆಟೋ ಗುಂಡಣ್ಣ.

ಅವನ ಆಟೋದಲ್ಲಿ ಕೂತ ಮಗು ಅಳುವುದಿಲ್ಲ ಎಂಬುದು ಕಾಲೋನಿಯ ನಂಬಿಕೆ. ಆ ನಂಬಿಕೆಯನ್ನು ಹರಡಿದವನು ಗುಂಡಣ್ಣನೇ ಎಂಬುದು ಬೇರೆ ಮಾತು. ಆದರೆ ಅದು ಸುಳ್ಳಲ್ಲ. ಅಳುವ ಮಗುವನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಕತ್ತೆಯಂತೆ ಕೂಗುವ ಹಾರ್ನನ್ನು ಅದರ ಕೈಗೆ ಒಪ್ಪಿಸಿಬಿಡುತ್ತಾನೆ. ಶಾಲೆ ಬರುವ ಹೊತ್ತಿಗೆ ಮಗು ನಗುತ್ತಿರುತ್ತದೆ, ರಸ್ತೆಯ ಜನ ಬೈಯುತ್ತಿರುತ್ತಾರೆ.

“ಸಾಲಿಗೆ ಅಂಜೂ ಹುಡುಗರ ಇಲಾಜು ನನ್ನ ಕೈಯಾಗ ಐತಿ,” ಎಂದು ಅವನು ಸೂಪರ್ ಮಾರ್ಕೆಟಿನ ಚಹಾದಂಗಡಿಯಲ್ಲಿ ಸಾರುತ್ತಿದ್ದ. “ನಾ ದವಾಖಾನಿನಽ ತೆಗೀಬೇಕಾಗಿತ್ತು.”

“ತೆಗಿ ಮಾಮಾ,” ಎನ್ನುತ್ತಿದ್ದ ಇನ್ನೊಂದು ಆಟೋದ ಶಫಿ. “ಬೋರ್ಡ್ ನಾ ಬರಸ್ತೀನಿ. ಡಾಕ್ಟರ್ ಗುಂಡಣ್ಣ, ಅಳು ತಜ್ಞ.”

ಈ ವರ್ಷ ತಜ್ಞರ ಬಳಿಗೆ ಬಂದ ರೋಗಿ ಅವರ ಸ್ವಂತ ಮೊಮ್ಮಗಳೇ. ಮಗ ಸುಧಾಕರ ಕಮಲಾಪುರದಲ್ಲಿ ಬಾಳೆಹಣ್ಣಿನ ವ್ಯಾಪಾರಿ. ಅವನ ಮಗಳು ಕಾವೇರಿ ಕಲಬುರಗಿಯಲ್ಲಿ ಅಜ್ಜ-ಅಜ್ಜಿಯ ಹತ್ತಿರ ಇದ್ದು, ತಕರಾರಿಲ್ಲದೆ ಒಂದನೆಯ ತರಗತಿ ಮುಗಿಸಿದ್ದಳು. ಸೂಟಿಗೆ ಕಮಲಾಪುರಕ್ಕೆ ಹೋಗಿ ಈಗ ಮರಳಿದ್ದಳು.

ಮೊದಲ ದಿನ ದಾರಿಯುದ್ದಕ್ಕೂ ಹಾರ್ನ್ ಒತ್ತಿದಳು. ಗೇಟಿನ ಮುಂದೆ ತಾನೇ ಇಳಿದಳು, ಚೀಲ ಸರಿಮಾಡಿಕೊಂಡಳು. ಗುಂಡಣ್ಣ ಮೀಸೆ ತಿರುವಿ, “ಬರ್ತೇನಿ, ನನ್ನವ್ವಾ,” ಎಂದ.

ಅಷ್ಟೇ. ಕಾವೇರಿ ಬಾಯಿ ತೆರೆದು ಎಂಥ ಕೂಗು ಹಾಕಿದಳೆಂದರೆ, ಆಗಲೇ ಸುಮ್ಮನಾಗಿದ್ದ ಮಕ್ಕಳೂ ಹೊಸದಾಗಿ ಅಳಲಾರಂಭಿಸಿದವು. ಅಜ್ಜನ ಕಾಲು ಹಿಡಿದವಳು ಬಿಡಲಿಲ್ಲ. ವೀರನ ಒಂದು ಚಪ್ಪಲಿ ಅಲ್ಲೇ ಚರಂಡಿಗೆ ಬಿತ್ತು.

“ಗುಂಡಣ್ಣಾ,” ಎಂದಳು ಮಗನನ್ನು ಬಿಡಲು ಬಂದಿದ್ದ ತಬಸ್ಸುಮ್, “ನಿಮ್ಮ ದವಾ ನಿಮ್ಮ ಮನ್ಯಾಗ ನಡೆಯಂಗಿಲ್ಲೇನ್ರೀ?”

ತಾಯಂದಿರೆಲ್ಲ ನಕ್ಕರು. ಗುಂಡಣ್ಣನ ಕಿವಿ ಬಿಸಿಯಾದವು. ಒಂದೇ ಚಪ್ಪಲಿಯಲ್ಲಿ ಮೊಮ್ಮಗಳನ್ನು ಮನೆಗೆ ವಾಪಸು ತಂದ, ಆಟೋದ ಪರದೆ ಇಳಿಬಿಟ್ಟುಕೊಂಡು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ಮಿಠಾಯಿ ಕೊಟ್ಟ, ಹೊಸ ಕಂಪಾಸು ಕೊಟ್ಟ, ಸ್ವತಃ ಕತ್ತೆಯಾಗಿ ಕೂಗಿದ. ಕೊನೆಗೆ ಯಾರಿಗೂ ಮುಖ ತೋರಿಸಲಾಗದೆ ಶಾಲೆಯ ಹಿಂದಿನ ಗಲ್ಲಿಯಲ್ಲಿ ಗಾಡಿ ನಿಲ್ಲಿಸತೊಡಗಿದ. ಚಹಾದಂಗಡಿಯ ಕಡೆ ತಲೆ ಹಾಕುವುದನ್ನೂ ಬಿಟ್ಟ.

ಹಾಗಾಗಿ ಶಫಿಯೇ ಮನೆಗೆ ಬಂದ. “ದವಾಖಾನಿ ಬಂದ್ ಆತೇನು, ಡಾಕ್ಟರ್ ಸಾಬ್?”

ಗುಂಡಣ್ಣ ತಾಟಿನ ರೊಟ್ಟಿ ಮುರಿದ. ಅವನ ಹೆಂಡತಿ ತುಳಜಾಬಾಯಿ ರೊಟ್ಟಿ ಬಡಿಯುತ್ತಲೇ, “ನನಗೊಂದು ತಿಳಿವಲ್ದು,” ಎಂದಳು. “ಅಕಿ ಆಟೋದಾಗ ಅಳಂಗಿಲ್ಲ, ಇಳಿಯೂ ಮುಂದ ಅಳಂಗಿಲ್ಲ. ಇವರು ಬಾಯಿ ತೆಗೆದ್ರಂದ್ರ ಶುರು ಮಾಡ್ತಾಳ.”

“ಮಾಮಾನ ಬಾಯಿ ನೋಡಿದ್ರ ನನಗೂ ಅಳು ಬರ್ತದ,” ಎಂದ ಶಫಿ.

ಮೂಲೆಯಲ್ಲಿ ರೊಟ್ಟಿ ತಿನ್ನುತ್ತಿದ್ದ ಕಾವೇರಿ ತಲೆ ಎತ್ತದೆ ಹೇಳಿದಳು: “ಮುತ್ಯಾ ಬರ್ತೇನಿ ಅಂದ್ರ ಬರಂಗಿಲ್ಲ.”

“ಯಾವಾಗ ಬಂದಿಲ್ಲ ನಾ?” ಎಂದ ಅಜ್ಜ.

“ಕಮಲಾಪುರದಾಗ.”

ಸೂಟಿಯ ಮೊದಲ ದಿನ ಅವಳನ್ನು ಕಮಲಾಪುರದಲ್ಲಿ ಬಿಟ್ಟು ಹೊರಡುವಾಗ ಅವನು ಹೊಸ್ತಿಲಲ್ಲಿ “ಬರ್ತೇನಿ” ಅಂದಿದ್ದ. ಎಲ್ಲರೂ ಅನ್ನುವುದು ಅದನ್ನೇ. “ಹೋಗ್ತೇನಿ” ಎಂದು ಹೊಸ್ತಿಲು ದಾಟುವವನು ಹೆಣವಾಗಿ ಹೋಗುವವನು ಮಾತ್ರ. ಆದರೆ ಹುಡುಗಿ ಮಾತನ್ನು ಮಾತಾಗಿಯೇ ತಿಳಿದಿದ್ದಳು. ಮುತ್ಯಾನಿಗೆಂದು ಒಂದು ಕೆಂಪು ಬಾಳೆಹಣ್ಣು ಎತ್ತಿಟ್ಟುಕೊಂಡು, ಕತ್ತಲಾಗುವವರೆಗೆ ಕಟ್ಟೆಯ ಮೇಲೆ ಕಾದಿದ್ದಳು. ಹಣ್ಣು ಕಪ್ಪಗಾದರೂ ಯಾರಿಗೂ ಮುಟ್ಟಗೊಡಲಿಲ್ಲ. ಮುತ್ಯಾ ಬಂದದ್ದು ಸೂಟಿ ಮುಗಿದ ಮೇಲೆ.

“ಆ ಬಾಳಿಹಣ್ಣಿನ ಕತಿ...” ಎಂದ ಶಫಿ ಮೆಲ್ಲಗೆ. “ಸುಧಾಕರ ಫೋನಿನಾಗ ಹೇಳಿದ್ನಂತ ನೀನಽ ಚಹಾದಂಗಡ್ಯಾಗ ಹೇಳಿದ್ದಿ, ಮಾಮಾ. ಎಲ್ಲಾರೂ ನಕ್ಕಿದ್ವಿ.”

ಹೌದು, ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗುಂಡಣ್ಣ. ಗೇಟಿನ ಮುಂದೆ ಆದದ್ದು ಬರೀ ಅವಮಾನ, ಚಪ್ಪಲಿಯ ಜೊತೆ ತೊಳೆದುಹೋಗುವಂಥದ್ದು. ಇದು ಹಾಗಲ್ಲ. ಅವನು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ಹೊರಗೆ ಹೋಗಿ, ಒರೆಸಿದ್ದ ಆಟೋವನ್ನೇ ಮತ್ತೆ ಒರೆಸಿದ.

ಮರುದಿನ ಆಟೋ ಹಿಂದಿನ ಗಲ್ಲಿಗೆ ಹೋಗಲಿಲ್ಲ, ನೇರ ಗೇಟಿನ ಮುಂದೆ ನಿಂತಿತು. ಗುಂಡಣ್ಣ ಎಲ್ಲರೆದುರು ಮೊಣಕಾಲೂರಿ ಕೂತ.

“ಕಾವೇರಿ, ಕಮಲಾಪುರದಾಗ ನಾ ಸುಳ್ಳು ಹೇಳಿದ್ದೆ. ತಪ್ಪಾತು. ಈಗ ಖರೇ ಹೇಳ್ತೇನಿ. ನಾ ಹೋಗ್ತೇನಿ.”

“ತೌಬಾ!” ಎಂದಳು ತಬಸ್ಸುಮ್. ಯಾರದೋ ಅಜ್ಜಿ, “ಬಿಡ್ತು ಅನ್ನೋ ಯಪ್ಪಾ, ಮುಂಜಾನೆದ್ದು ಎಂಥ ಮಾತು!” ಎಂದು ಗಲ್ಲ ಬಡಿದುಕೊಂಡಳು. ಗುಂಡಣ್ಣನೂ ಗಲ್ಲ ಮುಟ್ಟಿಕೊಂಡ. ಆದರೂ ಮುಂದುವರಿಸಿದ:

“ಹೋಗಿ ಶಫಿ ಕೂಡ ಚಹಾ ಕುಡೀತೇನಿ. ಸಾಲಿ ಬಿಡೂ ಗಂಟಿ ಹೊಡೆಯೂದರಾಗ ಆ ಬೇವಿನ ಗಿಡದ ಬುಡಕ ಇರ್ತೇನಿ.”

ಕಾವೇರಿ ಬಾಯಿ ತೆರೆದಳು. ಕೂಗು ಬರಲಿಲ್ಲ.

“ಖರೇನ ಹೋಗ್ತಿ?”

“ಖರೇನ.”

“ಹಂಗಾರ ಹೋಗು.”

ಒಳಗೆ ನಡೆದಳು. ಇಲ್ಲಿ ವೀರನಿಗೆ ಹೊಸ ಕಷ್ಟ ಬಂತು: ಹೋಗಲು ಕಾಲೇ ಬರಲಿಲ್ಲ. ಗಿಡದ ಮರೆಯಲ್ಲಿ ನಿಂತು ಕಿಟಕಿಗಳನ್ನು ದಿಟ್ಟಿಸತೊಡಗಿದ. ಶಫಿ ಬಂದು ರಟ್ಟೆ ಹಿಡಿದ. “ಹೋಗ್ತೇನಿ ಅಂದೀಯಲ್ಲ ಮಾಮಾ? ಅಕಿ ಕಿಟಕ್ಯಾಗಿಂದ ನೋಡಿದ್ರ ಮತ್ತ ಸುಳ್ಳಾಗ್ತಿ. ನಡಿ.”

ಸಂಜೆ ಗಂಟೆ ಹೊಡೆಯುವ ಎಷ್ಟೋ ಮೊದಲೇ ಗುಂಡಣ್ಣ ಬೇವಿನ ಗಿಡದ ಬುಡದಲ್ಲಿ ಹಾಜರಿದ್ದ. ದಾರಿಯಲ್ಲಿ ಸಿಕ್ಕ ಬಾಡಿಗೆಗೆಲ್ಲ ಕೈ ಆಡಿಸಿ ಬಂದಿದ್ದ. ಗೇಟು ತೆರೆಯಿತು. ಕಾವೇರಿ ಮೊದಲು ಗಿಡ ನೋಡಿದಳು, ಆಮೇಲೆ ಅಜ್ಜನನ್ನು. ಓಡಿ ಬರಲಿಲ್ಲ, ಸಾಹೇಬರ ಹಾಗೆ ನಡೆದು ಬಂದಳು.

“ಚಹಾ ಕುಡಿದಿ?”

“ಕುಡಿದೆ, ನನ್ನವ್ವಾ.”

“ಬಾಯಿ ತೆಗಿ.”

ಇಡೀ ಕಾಲೋನಿ ನೋಡುತ್ತಿದ್ದಂತೆ, ಅಳು ತಜ್ಞರು ಬಗ್ಗಿ ಬಾಯಿ ತೆರೆದರು. ಕಾವೇರಿ ಮೂಗು ಹತ್ತಿರ ತಂದು ಮೂಸಿ ನೋಡಿದಳು. ಚಹಾದ ವಾಸನೆ ಖಾತ್ರಿಯಾದ ಮೇಲೆ ಆಟೋ ಹತ್ತಿ, ಕತ್ತೆಯ ಹಾರ್ನನ್ನು ಉದ್ದಕ್ಕೆ ಒತ್ತಿದಳು.