ಭಾವ ಹಾಕಿಸಿದ ಓಟು

ಬ್ರಿಟನ್ನು ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಹೊರಬೀಳಬೇಕೋ ಎಂದು ಅಲ್ಲಿನವರು ಓಟು ಹಾಕಿದ ವರ್ಷ, ಅದರ ತೀರ್ಮಾನವೆಲ್ಲ ಫ್ರೀಮಾಂಟಿನಲ್ಲಿ ನನ್ನ ಅಕ್ಕನ ಮನೆಯ ಸೋಫಾದ ಮೇಲೆ ನಡೆಯುತ್ತಿತ್ತು. ಶನಿವಾರ ಬಂತೆಂದರೆ ನಾನು ಸನ್ನಿವೇಲಿನಿಂದ ಫ್ರೀವೇ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಗಂಡಸರು ಗಿರ್ಮಿಟ್ಟು, ಮಿರ್ಚಿ ಭಜಿ ಮುಂದಿಟ್ಟುಕೊಂಡು ಕೂತಿರುತ್ತಿದ್ದರು. ಹೆಚ್ಚಿನವರು ಗ್ರೀನ್ ಕಾರ್ಡಿಗೆ ಕಾದು ಕಾದು ತಲೆಗೂದಲು ಕಳೆದುಕೊಂಡವರು. ಇಲ್ಲಿ ಓಟಿಲ್ಲ, ಊರಿಗೆ ಹೋಗಿ ಹಾಕುವ ಮನಸ್ಸಿಲ್ಲ. ಆದರೂ ಪರದೇಶದ ಗಡಿಯನ್ನು ಹೇಗೆ ಬಿಗಿ ಮಾಡಬೇಕೆಂಬ ವಿಷಯದಲ್ಲಿ ಒಬ್ಬರಿಗೂ ಅನುಮಾನವಿರಲಿಲ್ಲ. ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು.

ನಿಜವಾಗಿ ಓಟಿದ್ದವರು ಭಾವ ಒಬ್ಬರೇ. ಹುಬ್ಬಳ್ಳಿಯಿಂದ ಬ್ರಿಟನ್ನಿನ ಲೆಸ್ಟರಿಗೆ ಹೋಗಿ ಮನೆ ಕೊಂಡು, ಅಲ್ಲಿನ ಪಾಸ್‌ಪೋರ್ಟು ಮಾಡಿಸಿಕೊಂಡು, ಆಮೇಲೆ ಕಂಪನಿ ಕಳಿಸಿತೆಂದು ಅಕ್ಕನ ಜೊತೆ ಇಲ್ಲಿಗೆ ಬಂದವರು. ಒಬ್ಬಳೇ ಮಗಳು ಓದಿಗೆಂದು ಲೆಸ್ಟರಿನ ಮನೆಯಲ್ಲೇ ಉಳಿದಿದ್ದಳು.

ಭಾವನ ವಾದದಲ್ಲಿ ಗೊಂದಲವೇನೂ ಇರಲಿಲ್ಲ. ತಾವು ವೀಸಾಕ್ಕೆ ಅಲೆದು, ಕಚೇರಿಗಳ ಮುಂದೆ ಸಾಲು ನಿಂತು ಒಳಗೆ ಹೋದವರು. ಪೋಲೆಂಡಿನವನು ಒಕ್ಕೂಟದವನೆಂಬ ಒಂದೇ ಕಾರಣಕ್ಕೆ ಬಸ್ಸು ಹತ್ತಿ ಬಂದು ಮರುದಿನವೇ ಕೆಲಸಕ್ಕೆ ಸೇರುತ್ತಾನೆ. ಅವನನ್ನು ತಡೆದರೆ ಆ ಜಾಗ ತಾನಾಗಿ ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗರಿಗೆ ಬರುತ್ತದೆ. ಸಾಲಿನಲ್ಲಿ ನಿಂತವನಿಗೆ ನಡುವೆ ನುಗ್ಗಿದವನ ಮೇಲೆ ಬರುವ ಸಿಟ್ಟು ನನಗೂ ಗೊತ್ತು. ಆದರೆ ತಮ್ಮನ್ನು ಗೋಳಾಡಿಸಿದ ಸಾಲಿಗೇ ಆರತಿ ಎತ್ತುವ ಜನ ನಮ್ಮವರು. ಬೇರೆಯವರು ಬಾಗಿಲು ಹಾಕಿಕೊಳ್ಳುವುದು ನಮಗೆ ತೆರೆಯುವುದಕ್ಕೇ ಎಂದು ನಂಬಬೇಕಾದರೆ ಎಂಜಿನಿಯರಿಂಗನ್ನೇ ಓದಿರಬೇಕು.

ಮಗಳ ಆಸೆ ಬೇರೆ ಇತ್ತು. ಹಳೆಯ ಬಟ್ಟೆ, ಕಸೂತಿಗಳನ್ನು ಹಾಳಾಗದಂತೆ ಕಾಪಾಡುವ ವಿದ್ಯೆ ಕಲಿಯುತ್ತಿದ್ದಳು. ಬೇಸಿಗೆ ರಜೆಯಲ್ಲಿ ಜರ್ಮನಿಯ ಸಣ್ಣ ಊರೊಂದರ ಮ್ಯೂಸಿಯಂಗೆ ಹೋಗಿ ಕೆಲಸ ಮಾಡಿ ಬಂದಿದ್ದಳು. ಓದೆಲ್ಲ ಮುಗಿಸಿ ಬಾ, ಇಲ್ಲೇ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಬ್ರಿಟನ್ನು ಒಕ್ಕೂಟದಲ್ಲಿ ಇರುವ ತನಕ ಅವಳ ಪಾಸ್‌ಪೋರ್ಟಿಗೆ ಅಲ್ಲಿ ಯಾವ ಪರವಾನಗಿಯೂ ಬೇಕಿರಲಿಲ್ಲ. ಅಕ್ಕ ಇದನ್ನು ಗಂಡನಿಗೆ ಬಿಡಿಸಿ ಹೇಳಿದಳು. ಹರಿದ ಬಟ್ಟೆ ಹೊಲಿಯಲು ಜರ್ಮನಿಗೆ ಹೋಗಬೇಕೇ ಎಂದು ಭಾವ ನಕ್ಕುಬಿಟ್ಟರು.

ದೂರ ಇರುವವರು ತಮ್ಮ ಓಟನ್ನು ನಂಬಿದವರ ಕೈಯಲ್ಲಿ ಹಾಕಿಸಬಹುದೆಂಬ ನಿಯಮ ಅಲ್ಲಿದೆ. ಭಾವ ಆ ಕೆಲಸಕ್ಕೆ ಆರಿಸಿದ್ದು ಮಗಳನ್ನೇ. ವಾರವಿಡೀ ಫೋನು. ಹೊರಬೀಳುವ ಕಡೆಗೇ ಗುರುತು ಹಾಕಬೇಕು, ಇದು ಅಪ್ಪನ ಮಾತು ಎಂದು ಬಾಯಿಪಾಠ ಮಾಡಿಸಿದರು. ಆ ಶನಿವಾರ ಪಕ್ಕದಲ್ಲಿ ಕೂತಿದ್ದ ನಾನು ಒಳಗೊಳಗೇ ನಗುತ್ತಿದ್ದೆ. ಗುಟ್ಟಿನ ಓಟು, ಕೈಯಲ್ಲೊಂದು ಪೆನ್ಸಿಲ್ಲು. ಹುಡುಗಿ ತನ್ನದು, ಅಪ್ಪನದು ಎರಡನ್ನೂ ತನಗೆ ಬೇಕಾದ ಕಡೆ ಹಾಕಿ, ಅಪ್ಪನಿಗೆ ಹೂಂ ಎನ್ನುತ್ತಾಳೆ ಎಂದುಕೊಂಡಿದ್ದೆ.

ಓಟಿನ ದಿನ ಅವಳೇ ಚಿಕ್ಕಮ್ಮನಾದ ನನಗೆ ಫೋನು ಮಾಡಿದಳು.

"ಮೌಶಿ, ಒಂದು ಅಪ್ಪಂದು, ಒಂದು ನಂದು. ಎರಡೂ ಸೇರಿ ಜೀರೋ."

ತಲೆ ನೆಟ್ಟಗಿದೆಯೇ ಎಂದು ರೇಗಿದೆ. "ಇಟ್ ವಾಸ್ ಹಿಸ್ ವೋಟ್, ಮೌಶಿ," ಎಂದಳು. ಇಷ್ಟು ಪ್ರಾಮಾಣಿಕ ಮಗಳನ್ನು ಆ ಮನುಷ್ಯ ಯಾವ ಪುಣ್ಯಕ್ಕೆ ಪಡೆದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಫಲಿತಾಂಶ ಬಂದಾಗ ಭಾವ ಗ್ರೋಸರಿಯಿಂದ ಪೇಢೆ ತಂದು, ತಾವೇ ಗೆದ್ದವರ ಹಾಗೆ ಹಂಚಿದರು. ಹೊರಬೀಳುವ ಕೆಲಸವನ್ನು ಆ ದೇಶದವರು ವರ್ಷಗಟ್ಟಲೆ ಎಳೆದಾಡಿದರು. ಭಾವನ ಲೆಕ್ಕ ಪೂರ್ತಿ ಸುಳ್ಳಾಯಿತೆಂದು ಹೇಳಲಾರೆ. ನಮ್ಮ ಕಡೆಯ ಹುಡುಗರು ಒಂದಷ್ಟು ಮಂದಿ ಹೋದರು. ಈಗ ಅಲ್ಲಿನ ಜನ ಅವರನ್ನೂ ಯಾಕೆ ಬಂದಿರಿ ಎಂದು ಕೇಳುತ್ತಾರಂತೆ.

ಹುಡುಗಿಯ ಓದು, ತರಬೇತಿ ಎಲ್ಲ ಮುಗಿಯುವ ಹೊತ್ತಿಗೆ ಬಾಗಿಲು ಮುಚ್ಚಿತ್ತು. ಮ್ಯೂಸಿಯಂನವರಿಗೆ ಅವಳು ಬೇಕಿತ್ತು, ಹೊರದೇಶದವಳಿಗೆ ಪರವಾನಗಿ ಮಾಡಿಸುವ ತಾಪತ್ರಯ ಬೇಕಿರಲಿಲ್ಲ. ಇಟಲಿಯ ಹುಡುಗಿಯೊಬ್ಬಳನ್ನು ತೆಗೆದುಕೊಂಡರು. ಇವಳು ಲೆಸ್ಟರಿನ ವಿಮಾ ಕಂಪನಿಯೊಂದರಲ್ಲಿ ದಿನವಿಡೀ ಫೋನಿಗೆ ಉತ್ತರ ಹೇಳುತ್ತಾಳೆ.

ಹೋದ ಚಳಿಗಾಲದಲ್ಲಿ ಅವಳು ಫ್ರೀಮಾಂಟಿಗೆ ಬಂದಿದ್ದಳು. ಊಟಕ್ಕೆ ಕೂತಾಗ ಅಕ್ಕ, ಜರ್ಮನಿಯ ಕಡೆ ಇನ್ನೊಮ್ಮೆ ಪ್ರಯತ್ನಿಸಬಾರದೇ ಎಂದಳು. ಇನ್ನಾಗದು, ಕೈಗೆ ಅಭ್ಯಾಸ ತಪ್ಪಿದೆ ಎಂದು ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ಭಾವ ರೊಟ್ಟಿ ಮುರಿಯುತ್ತಾ, ನನಗೂ ಕೇಳುವಷ್ಟು ಜೋರಾಗಿ ಹೇಳಿದರು.

"ಎಂಥಾ ಹುಚ್ಚಿ ಇದ್ದಿ ನೀ. ಒಳಗ ಯಾರ್ ನೋಡ್ತಿದ್ರು? ನನ್ನ ಓಟೂ ನಿನಗ ಬೇಕಾದ ಕಡೆ ಹಾಕಿ ಬರಬೇಕಿತ್ತಲ್ಲ."

ಆ ಮನುಷ್ಯನನ್ನು ನಾನು ಅವತ್ತು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ.

"ನೀವು ನಂಬಿ ಕೊಟ್ಟಿದ್ರಲ್ಲ, ಅಪ್ಪಾ," ಎಂದಳು ಹುಡುಗಿ.

ಭಾವ ಮೊಸರು ಕೇಳಿದರು. ಅವಳೇ ಎದ್ದು ಹೋಗಿ ತಂದು ಬಡಿಸಿದಳು.