ಹೇಳಿಕೊಟ್ಟ ಹಾಗೆಯೇ

ಮಂಗಲ್ಪಾಡಿಯ ನಮ್ಮ ಕನ್ನಡ ಶಾಲೆಗೆ ಪ್ರತಿ ಮಂಗಳವಾರ ಸ್ಪೀಚ್ ಥೆರಪಿಯವರು ಬರುತ್ತಿದ್ದರು. ಆಟಿಸಂ ಇದ್ದ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಆ ದಿನ ಕಿಟಕಿಯ ಹೊರಗಿನ ಬೆಂಚಿನಲ್ಲಿ ಕೂತು, ಒಳಗಿನಿಂದ ಕೇಳುವ ಒಂದೊಂದು ಪದಕ್ಕೂ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು. ನೀರು. ಬಾ. ಕೊಡು.

ಅವರ ಮನೆಮಾತು ಬ್ಯಾರಿ. ಮಗುವಿಗೆ ಗೊಂದಲವಾಗಬಾರದು, ಮನೆಯಲ್ಲೂ ಕನ್ನಡವೊಂದೇ ಇರಲಿ ಎಂದು ಥೆರಪಿಯವರು ಹೇಳಿದ್ದನ್ನು ಆಕೆಗೆ ಒತ್ತಿ ಹೇಳಿದವಳು ನಾನು. ಬೇರೆ ತಾಯಂದಿರು ಮಕ್ಕಳಿಗೆ ಯಾವಾಗ ಮಾತು ಬರುತ್ತದೆ ಎಂದು ಕೇಳುತ್ತಿದ್ದರು. ಈಕೆ ಮಾತ್ರ, "ಹೇಳಿಕೊಟ್ಟ ಹಾಗೆಯೇ ಮಾಡ್ತಾ ಇದ್ದೇನೆ ಟೀಚರೇ" ಎನ್ನುತ್ತಿದ್ದರು. ಕನ್ನಡ ಬಾರದ ಅಜ್ಜಿ ಮೊಮ್ಮಗಳ ತಲೆ ಸವರಿ ಸುಮ್ಮನಾಗುತ್ತಿದ್ದರಂತೆ.

ಆ ಅಜ್ಜಿ ತೀರಿಕೊಂಡ ಮರುದಿನ ನಾನು ಅವರ ಮನೆಗೆ ಹೋದೆ. ಹುಡುಗಿ ಅಜ್ಜಿಯ ಖಾಲಿ ಮಂಚದ ಕಾಲು ಹಿಡಿದು ಕೂತಿದ್ದಳು.

"ಅಜ್ಜಿ ಇನ್ನು ಬರುವುದಿಲ್ಲ ಅಂತ ನೀವೇ ಹೇಳಿ ಟೀಚರೇ," ಎಂದರು ತಾಯಿ. "ನನ್ನ ಕನ್ನಡದಲ್ಲಿ ಅದು ಹೇಳ್ಲಿಕ್ಕೆ ಆಗುದಿಲ್ಲ."

"ಬ್ಯಾರಿಯಲ್ಲೇ ಹೇಳಿ," ಎಂದೆ.

"ಹೇಳ್ಬಹುದಾ?"

ಅಪ್ಪಣೆ ಕೊಡುವವಳ ಹಾಗೆ ಹೂಂ ಎಂದೆ. ಆ ಹೂಂಗೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಆಕೆ ಮಗಳನ್ನು ಮಡಿಲಿಗೆ ಎಳೆದುಕೊಂಡು ಮಾತಾಡತೊಡಗಿದರು. ಎರಡು ವರ್ಷದಿಂದ ಮಗಳೊಂದಿಗೆ ಎಣಿಸಿದಷ್ಟೇ ಕನ್ನಡ ಪದ ಆಡಿದ್ದ ಬಾಯಿಯಿಂದ ಮಾತು ನಿಲ್ಲದೆ ಬಂತು. ಹುಡುಗಿ ಮಂಚದ ಕಾಲು ಬಿಟ್ಟು, ತಾಯಿಯ ತುಟಿಗಳ ಮೇಲೆ ಅಂಗೈ ಇಟ್ಟಳು; ಮಾತು ಮುಗಿಯುವ ತನಕ ತೆಗೆಯಲಿಲ್ಲ.