ಫಾರೆನ್ ಕ್ಯಾಸೆಟ್ಟಿನ ಆಡು

ಹೋದ ಸೋಮವಾರ ಸವಣೂರಿನಿಂದ ನನಗೊಂದು ಪೋಸ್ಟ್ ಕಾರ್ಡ್ ಬಂತು.

"ನೀವು ಪೇಪರಿನಲ್ಲಿ ಹೊಗಳಿದ ಫಾರೆನ್ ಕ್ಯಾಸೆಟ್ಟಿನ ಎರಡನೇ ಬದಿಯಲ್ಲಿ ಅಳುವುದು ಯಂತ್ರವಲ್ಲ, ನಮ್ಮ ಮನೆಯ ಆಡು. ಜರ್ಮನಿಯ ಆಡುಗಳೂ ಹೀಗೇ ಒದರುತ್ತವೆಯೇ? ಬಂದು ಹೇಳಿದರೆ ಉಪಕಾರವಾದೀತು. ಇಂತಿ, ಖಾತುನಬಿ."

ಓದಿ ನಕ್ಕೆ. ಎರಡನೇ ಸಲ ಓದಿದಾಗ ನಗು ಬರಲಿಲ್ಲ.

ಮರೆತವರಿಗಾಗಿ ಹೇಳುತ್ತೇನೆ. ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಬಗ್ಗೆ ಬರೆದಿದ್ದೆ. ಶಿಗ್ಗಾಂವ ಬಸ್ ಸ್ಟ್ಯಾಂಡ್ ಎದುರಿನ ವೀರೇಶನ ಅಂಗಡಿಯಲ್ಲಿ 'ಫಾರೆನ್ ಮ್ಯೂಸಿಕ್' ಎಂದು ಚೀಟಿ ಅಂಟಿಸಿದ ಒಂದು ಕ್ಯಾಸೆಟ್ ಸಿಕ್ಕಿತ್ತು. ಕಲಾವಿದನ ಹೆಸರಿಲ್ಲ, ಕಂಪನಿಯ ಹೆಸರಿಲ್ಲ. (ಫಾರೆನ್ ಎಂದ ಮೇಲೆ ಹೆಸರೇಕೆ?) ತಂತಿಯೂ ಅಲ್ಲದ, ಕೊಳಲೂ ಅಲ್ಲದ, ಏರಿಳಿಯುವ ಒಂದು ಸಿಳ್ಳೆ. ಅದರ ಕೆಳಗೆ ಬಿಡದೆ ಗುಂಯ್‌ಗುಡುವ ಶ್ರುತಿ. ಟಿಕ್ ಟಿಕ್ ಎಂದು ತಾಳ. ನಡುವೆ ಒಂದೆಡೆ ಎದೆ ಹಿಂಡುವಂಥ ಅಳು. "ಯಂತ್ರವೊಂದು ಹಸುಗೂಸಿನಂತೆ ಅಳುತ್ತದೆ! ಇದು ಜರ್ಮನಿಯವರಿಗೆ ಮಾತ್ರ ಸಾಧ್ಯ. ನಮ್ಮ ಕಡೆಯಿಂದ ಇಂಥದ್ದು ಯಾವಾಗ ಬಂದೀತು?" ಎಂದು ಬರೆದುಬಿಟ್ಟಿದ್ದೆ.

ಜರ್ಮನಿ ಎಂದು ನನಗೆ ಯಾರು ಹೇಳಿದ್ದರು? ಯಾರೂ ಇಲ್ಲ.

ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗಿನಿಂದ ಡೈರಿ ಬರೆಯುತ್ತಿರುವುದು ಅದಕ್ಕೇ. ನೆನಪು ಆಣೆ ಮಾಡಿ ಹೇಳಿತು: ಅದು ಆಡು ಎಂದು ನಿನಗೆ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಡೈರಿ ತೆಗೆದೆ. ಕ್ಯಾಸೆಟ್ ಮೊದಲ ಸಲ ಕೇಳಿದ ದಿನದ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಹೀಗಿದೆ: 'ಎರಡನೇ ಬದಿ. ಆಡು?'

ನೋಡಿ! ಕಿವಿ ಸರಿಯಾಗಿಯೇ ಕೇಳಿತ್ತು. ಕಣ್ಣು ಚೀಟಿ ಓದಿ ಕಿವಿಯನ್ನು ತಿದ್ದಿತು. ಆಡು ಕೂಸಾಯಿತು, ಸವಣೂರು ಜರ್ಮನಿಯಾಯಿತು. ಇದಕ್ಕೆ ಓದಿದವನೇ ಬೇಕು.

ನಾನು ಕಲಿಸುವ ಕಾಲೇಜಿನಲ್ಲಿ ಬುಧವಾರ ನನ್ನ ಪಾಠವಿರಲಿಲ್ಲ. ಸವಣೂರಿನ ಬಸ್ ಹತ್ತಿದೆ.

ಸವಣೂರಿಗೆ ಹೆಸರು ತಂದ ವೀಳ್ಯದೆಲೆಯ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಮನೆ. ಮುಂದಿನ ಕೋಣೆಯೇ ರೇಡಿಯೊ ರಿಪೇರಿ ಅಂಗಡಿ. ಬಾಗಿಲಲ್ಲಿ ಒಂದು ಆಡು. ಹೊಲಿಗೆ ಮಷಿನ್ನಿನ ಹಿಂದಿನಿಂದ ನಡುವಯಸ್ಸಿನ ಹೆಂಗಸೊಬ್ಬರು ಎದ್ದರು. ಹೆಸರು ಹೇಳಿದೆ.

"ಬರ್ರಿ ಸರ್, ಕುಂತ್ರಿ. ಇದ ನೋಡ್ರಿ ನಿಮ್ಮ ಜರ್ಮನಿ ಕೂಸು" ಎಂದು ಆಡಿನ ಕಡೆ ಕೈ ತೋರಿಸಿದರು. ಅವರೇ ಖಾತುನಬಿ. ಸಂಗೀತ ಅವರ ತಮ್ಮ ದಾದಾಪೀರನದು.

ದಾದಾಪೀರ ಮಾತಾಡುವ ಮನುಷ್ಯನಲ್ಲ. ಎರಡು ಟ್ರಾನ್ಸಿಸ್ಟರುಗಳನ್ನು ಪಕ್ಕಪಕ್ಕ ಇಟ್ಟ. ಒಂದರ ಹಿಂಬದಿಯ ಮುಚ್ಚಳ ತೆಗೆದಿತ್ತು. ಅದರ ಗುಂಡಿ ತಿರುವಿದೊಡನೆ ಕುಂಯ್ ಎಂದು ಸಿಳ್ಳೆ ಎದ್ದಿತು. ಬಿಚ್ಚಿದ ಭಾಗಕ್ಕೆ ಅಂಗೈ ಹತ್ತಿರ ತಂದರೆ ಒಂದು ಸ್ವರ, ದೂರ ಒಯ್ದರೆ ಇನ್ನೊಂದು. ಮುಟ್ಟುವುದೇ ಇಲ್ಲ! ಗುಂಯ್ ಎನ್ನುತ್ತಿದ್ದದ್ದು ಅವನೇ ಕೂಡಿಸಿದ ಕರೆಂಟಿನ ಶ್ರುತಿಪೆಟ್ಟಿಗೆ. ತಾಳ ಹಾಕುತ್ತಿದ್ದದ್ದು, ತಿರುವಿನಲ್ಲಿ ಲಾರಿಯ ದೀಪ ಮಿಣುಕಿಸುವ ಸಣ್ಣ ಡಬ್ಬಿ.

"ಎರಡ ರೇಡಿಯೊ ಬಾಜೂಕ ಬಾಜೂ ಇಟ್ರ ಕುಂಯ್ ಅಂತಾವಲ್ರಿ, ಮಂದಿ ಅದನ್ನ ಕೆಟ್ಟೈತಿ ಅಂತ ರಿಪೇರಿಗೆ ತರ್ತಾರ. ನಾ ಅದನ್ನ ಸಾಕೇನಿ" ಎಂದ.

"ಮತ್ತೆ ಚೀಟಿ ಮೇಲೆ ನಿಮ್ಮ ಹೆಸರು ಯಾಕಿಲ್ಲ?"

"ವೀರೇಶ ಬ್ಯಾಡಂದ್ರಿ. ಸವಣೂರು ಅಂತ ಬರದ್ರ ಮಂದಿ ಎಲಿ ಕೇಳ್ತಾರ, ಹಾಡ ಕೇಳಂಗಿಲ್ಲ ಅಂದ. ಮೊದ್ಲ ಕೇಳ್ಲಿ, ಆಮ್ಯಾಲ ಹೆಸರು ಹೇಳೂಣು ಅಂತ ನಾನೂ ಹೂಂ ಅಂದೆ."

"ಆಮ್ಯಾಲ ಅನ್ನೂದು ಬಂತೇನು?" ಖಾತುನಬಿ ನಡುವೆ ಬಾಯಿ ಹಾಕಿದರು. "ಹಾನಗಲ್ಲಾಗ ನಾಟಕ ಐತಂತ ಕೇಳಿ ಇವ ತಾನ ಹೋಗಿ ಬಾರಸ್ತೇನಿ ಅಂದಾನ. ಅವರು ಏನಂದ್ರು ಗೊತ್ತೇನ್ರಿ? ನೀ ಬ್ಯಾಡಪಾ, ನಮ್ಮ ಕಡೆ ಫಾರೆನ್ ಕ್ಯಾಸೆಟ್ ಅದ, ಪೇಪರಿನ್ಯಾಗೂ ಬಂದದ ಅಂತ ನೀವು ಬರದದ್ದ ತೋರ್ಸ್ಯಾರ. ಅದು ನಂದ ಅಂತ ಇವ ಅಂದ್ರೂ ನಂಬಲಾರದ ಕಳಿಸ್ಯಾರ. ಬಂದಾವ ಎಲ್ಲಾ ಬಿಚ್ಚಿ ಒಗೀತೇನಿ ಅಂತ ಕುಂತಾನ. ನಿಮ್ಮಿಂದ ಆದದ್ದು, ನೀವ ನೆಟ್ಟಗ ಮಾಡ್ರಿ."

ತನ್ನದೇ ಕ್ಯಾಸೆಟ್ಟಿಗೆ ಸೋತವನನ್ನು ನೀವು ಕಂಡಿದ್ದೀರಾ? ನಾನು ಕಂಡೆ. ಸೋಲಿಸಿದ್ದು ನನ್ನ ಅಂಕಣ.

"ನಾಳೆ ಹಾನಗಲ್ಲಿಗೆ ಹೋಗೋಣ" ಎಂದೆ. ದಾದಾಪೀರ ತಲೆಯಾಡಿಸಲಿಲ್ಲ. "ಒಮ್ಮೆ ಹೋಗಿ ಬಂದೇನ್ರಿ, ಸಾಕು" ಎಂದ. ನಾನು ಏಳಲಿಲ್ಲ. ಚಹಾ ಬಂತು, ಕುಡಿದೆ. ಇನ್ನೊಂದು ಬಂತು, ಅದನ್ನೂ ಕುಡಿದೆ. ಕೊನೆಗೆ ಖಾತುನಬಿಯೇ "ಹೂಂ ಅನ್ನೋ ಮಾರಾಯಾ, ಇಲ್ಲಂದ್ರ ಇವರಿಗೆ ರಾತ್ರಿ ಅಡಿಗೀನೂ ಮಾಡ್ಬೇಕಾಕ್ಕೈತಿ" ಎಂದರು. ಹೂಂ ಎಂದ.

ಹಾನಗಲ್ಲಿನಲ್ಲಿ ನಾಟಕ ಸಂಘದ ಕಾರ್ಯದರ್ಶಿ ಶ್ಯಾಮಾಚಾರ್ಯರು ನಮ್ಮನ್ನು ಪಡಸಾಲೆಯಲ್ಲಿ ಕೂರಿಸಿದರು. ಸಂಸ್ಕೃತ ಬಲ್ಲವರು, ಸಂಗೀತ ಬಲ್ಲವರು. ಕ್ಯಾಸೆಟ್ ದಾದಾಪೀರನದೇ ಎಂದೆ. ನಂಬಲಿಲ್ಲ. "ನೀವೇ ಜರ್ಮನಿ ಅಂತ ಬರದೀರಲ್ರೀ?"

"ತಪ್ಪು ಬರೆದೆ."

ಅಂಕಣಕಾರನ ಬಾಯಿಂದ ಈ ಎರಡು ಶಬ್ದ ಬರುವುದು ಎಷ್ಟು ಕಷ್ಟ! (ಮನೆಯಲ್ಲಿ ಕೇಳಿ ನೋಡಿ.)

ದಾದಾಪೀರ ಚೀಲದಿಂದ ಟ್ರಾನ್ಸಿಸ್ಟರುಗಳನ್ನು ತೆಗೆದಿಟ್ಟು ನುಡಿಸಿದ. ಆಚಾರ್ಯರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಹೇಳಿದರು: "ಭೇಷ್! ಆದ್ರ ಕ್ಯಾಸೆಟ್ಟಿನಷ್ಟು ಆಗ್ಲಿಲ್ಲ ನೋಡ್ರಿ. ಆ ಕೂಸು ಅಳೋದು ಬರಲಿಲ್ಲ."

ದಾದಾಪೀರ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

"ಅದಕ್ಕ ನಮ್ಮ ಆಡು ತರಬೇಕಾಕ್ಕೈತ್ರಿ, ಆಚಾರ್ರ" ಎಂದ. "ರೆಕಾರ್ಡ್ ಮಾಡೂ ಮುಂದ ಅದರ ಮರಿ ಹೊರಗ ಹೋಗಿತ್ತು. ಒದರ್ತು."

ಆಚಾರ್ಯರು ನಕ್ಕರು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಂದ್ರ ನಾನೂ ಆಡಿನ ಅಳುವಿಗೆ ಕಣ್ಣೀರು ಹಾಕೇನಿ ಅಂದಂಗಾತು!" ಒಳಗೆ ಹೋಗಿ ನಾಟಕದ ಹ್ಯಾಂಡ್‌ಬಿಲ್ಲಿನ ಕರಡು ತಂದರು. 'ಫಾರೆನ್ ಸಂಗೀತ' ಎಂದಿದ್ದುದನ್ನು ಹೊಡೆದು, ತಮ್ಮ ದುಂಡು ಅಕ್ಷರದಲ್ಲಿ ಬರೆದರು: 'ಸಂಗೀತ: ದಾದಾಪೀರ, ಸವಣೂರು.'

ದಾದಾಪೀರ ಆ ಸಾಲನ್ನು ಎಷ್ಟು ಹೊತ್ತು ನೋಡಿದನೋ ನನಗೆ ನೆನಪಿಲ್ಲ. ಡೈರಿಯಲ್ಲೂ ಬರೆದಿಲ್ಲ. ಬೇಕಂತಲೇ ಬರೆದಿಲ್ಲ.

ತಿರುಗಿ ಬರುವ ಬಸ್ಸಿನಲ್ಲಿ ಅವನಿಗೆ ಬಾಯಿ ಬಂತು. ಅಕ್ಕಿಆಲೂರಿನ ಅಕ್ಕಿ ಗಿರಣಿಯ ಕರೆಂಟ್ ಮಿಸ್ತ್ರಿಯೊಬ್ಬ ಟೆಲಿಫೋನಿನ ಹಳೆ ಸಾಮಾನಿನಿಂದ ಸ್ವರ ಹೊರಡಿಸುತ್ತಾನಂತೆ. "ನನಗಿಂತ ಛಲೋ ಬಾರಸ್ತಾನ್ರಿ." ಹಿರೇಕೆರೂರಿನಲ್ಲಿ ಇನ್ನೊಬ್ಬನಿದ್ದಾನಂತೆ. ಇವರ ಕ್ಯಾಸೆಟ್ ಯಾವ ಅಂಗಡಿಯಲ್ಲೂ ಇಲ್ಲ. 'ಫಾರೆನ್' ಎಂಬ ಚೀಟಿ ಇದ್ದದ್ದನ್ನಷ್ಟೇ ಹುಡುಕುತ್ತಿದ್ದ ನನಗೆ ಇವರು ಹೇಗೆ ಸಿಗಬೇಕು? ಈಗ ಹೆಸರು, ಊರು ಬರೆದುಕೊಂಡಿದ್ದೇನೆ. ಹೋಗುತ್ತೇನೆ, ಒಬ್ಬೊಬ್ಬರನ್ನೇ ಹುಡುಕುತ್ತೇನೆ.

ಶಿಗ್ಗಾಂವದಲ್ಲಿ ಇಳಿದವನು ನೇರ ವೀರೇಶನ ಅಂಗಡಿಗೆ ಹೋದೆ. ಅಲ್ಲಿದ್ದ 'ಫಾರೆನ್' ಕ್ಯಾಸೆಟ್ಟುಗಳ ಚೀಟಿ ಉಗುರಿನಿಂದ ಕೆರೆದು ತೆಗೆದೆ. ಹೊಸ ಚೀಟಿಯ ಮೇಲೆ ದಾದಾಪೀರ, ಸವಣೂರು ಎಂದು ಬರೆಯತೊಡಗಿದೆ.

ವೀರೇಶ ಕೈ ಕಟ್ಟಿ ನೋಡುತ್ತ ನಿಂತ. "ಅಲ್ರಿ ಸರ್, ಎಲ್ಲಾರ ಹೆಸರೂ ಹಾಕೂದಾದ್ರ ಆ ಆಡು ಏನ ಪಾಪ ಮಾಡೈತ್ರಿ? ಅದರ ಹೆಸರೇನು?"

ಚೇಷ್ಟೆ ಮಾಡಿದ. ನಾನು ಮಾತ್ರ ಅಂದೇ ಖಾತುನಬಿಯವರಿಗೆ ಕಾರ್ಡು ಹಾಕಿ ಆಡಿನ ಹೆಸರು ಕೇಳಿದ್ದೇನೆ.